ಜೀರ್ಣವಸ್ತು ಮೀಮಾಂಸೆ

ಲೋಕದಲ್ಲಿ ಹಳೆಯ ಪದಾರ್ಥಗಳು ಆಂಟಿಕ್, ವಿಂಟೇಜ್, ಸೆಕೆಂಡ್ ಹ್ಯಾಂಡ್ ಎಂದು ತ್ರಿವಿಧವಾಗಿವೆಯೆಂಬುದು ಪ್ರಾಜ್ಞರ ಮತ. ಇವುಗಳ ಪೈಕಿ ಪ್ರಥಮವಾದುದಕ್ಕೆ ಶಾಸನಪ್ರಮಾಣವೇ ಉಂಟು: 1972ರ ಪುರಾವಸ್ತು ಕಾಯಿದೆಯು ಶಿಲ್ಪಾದಿಗಳಿಗೆ 100 ವರ್ಷವಾದರೂ ತುಂಬಿರಬೇಕೆಂದೂ, ಹಸ್ತಪ್ರತಿಗಾದರೆ 75 ಸಾಕೆಂದೂ ವಿಧಿಸಿ, ಕಲ್ಲಿಗಿಂತ ಕಾಗದಕ್ಕೆ ಬೇಗ ಮುಪ್ಪಡರುವುದೆಂಬ ಸೂಕ್ಷ್ಮವನ್ನು ಮನ್ನಿಸಿದೆ. ದ್ವಿತೀಯಕ್ಕೆ 2021ರ ಮೋಟಾರು ನಿಯಮವು 50 ವರ್ಷವನ್ನು ಗೊತ್ತುಮಾಡಿತಾದರೂ ಅದು ವಾಹನಗಳಿಗಷ್ಟೇ ಅನ್ವಯಿಸುವುದರಿಂದ, ಅಜ್ಜಿಯ ಸೇರು–ಪಾವುಗಳ ಗತಿಯೇನೆಂಬ ಪ್ರಶ್ನೆ ಹಾಗೆಯೇ ಉಳಿದಿದೆ. ಮೂರನೆಯದಕ್ಕೆ ವಯೋನಿಯಮವಿಲ್ಲ, ನಿನ್ನೆ ಕೊಂಡ ಮಿಕ್ಸಿಯೂ ಇಂದು ಕೈ ಬದಲಾಯಿಸಿದರೆ ಆ ಪದವಿಗೆ ಪಾತ್ರವೇ.

ಈ ವಿಭಾಗವನ್ನು ಪ್ರತ್ಯಕ್ಷ ಪ್ರಮಾಣದಿಂದ ಪರೀಕ್ಷಿಸಲು ಬಂಗಾರಪೇಟೆಯ ಗುಜರಿ ಅಂಗಡಿಗಿಂತ ಪ್ರಶಸ್ತವಾದ ಪ್ರಯೋಗಶಾಲೆಯಿಲ್ಲ. ಗಣಿಸೀಮೆಯ ಮಾರಿಕುಪ್ಪಂ ರೈಲಿನಿಂದ ಇಳಿದು ಬರುವ ಜನರನ್ನು ಕಂಡ ಈ ಊರು, 2001ರ ಫೆಬ್ರವರಿ 28ರಂದು ಕೋಲಾರದ ಚಿನ್ನದ ಗಣಿ ಮುಚ್ಚಿದ ತರುವಾಯ ಅವರ ಮನೆಯ ಸಾಮಾನುಗಳನ್ನೂ ಕಂಡಿತು. ಅಂಥದೊಂದು ಅಂಗಡಿಯಲ್ಲಿ ಹಿತ್ತಾಳೆಯ ಕಾರ್ಬೈಡ್ ದೀಪವೊಂದಿತ್ತು: ಕೆಳಗೆ ಕಾರ್ಬೈಡಿನ ಡಬ್ಬಿ, ಮೇಲೆ ನೀರಿನ ಡಬ್ಬಿ, ಎದುರಿಗೆ ಮಸಿ ಹಿಡಿದ ತಟ್ಟೆ, ಪಕ್ಕದಲ್ಲಿ ಒಂದು ತಗ್ಗು. ಬೆಲೆ ಕೇಳಲು ಅಂಗಡಿಯವನು, “ಬ್ರಿಟಿಷ್ರ ಕಾಲದ್ದು ಸಾಮೀ, ಚಾಂಪಿಯನ್ ರೀಫ್ ಗಣಿಯಾಗೆ ಇಳಿದು ಬಂದೈತೆ, ಆಂಟಿಕ್ಕು!” ಎಂದು ಕಣ್ಮುಚ್ಚಿ ಕೈಮುಗಿದನು. ಅದೇ ದೀಪವನ್ನು ಕೊಂಡೊಯ್ದ ಗ್ರಂಥಕರ್ತನು ತಿಂಗಳಾನಂತರ ಮರಳಿ ಮಾರಹೋದಾಗಲಾದರೋ ಆ ಮಹಾನುಭಾವನು ಅದನ್ನು ತಿರುಗಿಸಿ ನೋಡಿ, “ತೂಕಕ್ಕಾದ್ರೆ ತಗೊಂತೀನಿ, ತಳ ತೂತು ಬಿದ್ದೈತೆ” ಎಂದು ತಕ್ಕಡಿಯೆಡೆಗೆ ಕೈ ತೋರಿದನು. ಒಂದೇ ಮಾಸದೊಳಗೆ ಶತಮಾನವೊಂದು ಕಳೆದುಹೋದ ಈ ವಿಸ್ಮಯವನ್ನು ಇತಿಹಾಸಕಾರರು ಗಮನಿಸಿದಂತಿಲ್ಲ.

ಆದುದರಿಂದ ವಸ್ತುವಿನ ಪ್ರಾಯವು ವಸ್ತುವಿನಲ್ಲಿಲ್ಲ, ಅದು ಅಂಗಡಿಯ ಹೊಸ್ತಿಲನ್ನು ಯಾವ ದಿಕ್ಕಿಗೆ ದಾಟುತ್ತದೆಂಬುದರಲ್ಲಿದೆ ಎಂದು ಸಿದ್ಧಾಂತವಾಯಿತು. ಹೊರಕ್ಕೆ ಹೋಗುವಾಗ ಪುರಾತನ, ಒಳಕ್ಕೆ ಬರುವಾಗ ಹಳೆಯದು. ಇದಕ್ಕೆ ಚಿನ್ನವು ಅಪವಾದವೆಂಬ ಪೂರ್ವಪಕ್ಷವನ್ನು ಕೆಲವರು ಎತ್ತಬಹುದು. ಆದರೆ ಈ ಸೀಮೆಯ ಶಿಲೆಗೆ ಸುಮಾರು 270 ಕೋಟಿ ವರ್ಷಗಳಾಗಿದ್ದರೂ, ಮೂರು ಕಿಲೋಮೀಟರಿಗೂ ಮಿಕ್ಕ ಆಳದಿಂದ ಬಗೆದು ತಂದ ಬಂಗಾರವನ್ನು ಅಂಗಡಿಯಲ್ಲಿ ‘ಹೊಸ ಡಿಸೈನು’ ಎಂದೇ ಮಾರುತ್ತಾರೆ, ಮಗಳ ಮದುವೆಗೆಂದು ಹಿಂದಿರುಗಿಸಿದರೆ ಹಳೆಯದೆಂದು ವೇಸ್ಟೇಜು ಕಳೆಯುತ್ತಾರೆ.

ಇನ್ನು ವಿಂಟೇಜೆಂಬುದು, ನಮ್ಮ ಅಭಿಪ್ರಾಯದಲ್ಲಿ, ಬೆಂಗಳೂರಿನಿಂದ ಕಾರಿನಲ್ಲಿ ಬಂದವರಿಗೆ ಹೇಳುವ ದರ. ಜಿಜ್ಞಾಸುಗಳಾದ ವಾಚಕರು ಅಂಗಡಿಗೆ ಹೋದಾಗ “ಎಷ್ಟಕ್ಕೆ ಕೊಡುತ್ತೀರಿ?” ಎಂದು ಕೇಳದೆ, “ಇಂಥದೇ ಒಂದು ನಮ್ಮ ಮನೆಯಲ್ಲಿದೆ, ಎಷ್ಟಕ್ಕೆ ಕೊಳ್ಳುತ್ತೀರಿ?” ಎಂದು ಮೊದಲು ಕೇಳಬೇಕಾಗಿ ಪ್ರಾರ್ಥನೆ.