ಇನ್ನೊಂದು ಸ್ಥಾಯಿ ಕೆಳಗೆ

ನನ್ನ ವಾದ್ಯವನ್ನು ಕಂಡ ಲಗೇಜ್ ಆಟೋದವರು ಮೊದಲು ಕೇಳುವುದು ಎಲ್ಲಿಗೆ ಹೋಗಬೇಕು ಅಂತಲ್ಲ, "ಒಳಗೆ ಯಾರಿದ್ದಾರೆ ಸಾರ್?" ಅಂತ. ಆರಡಿ ಎತ್ತರದ ಕಪ್ಪು ಚೀಲ. ಕತ್ತು, ಭುಜ, ಸೊಂಟ ಎಲ್ಲ ಇದೆ. ಅನುಮಾನ ಬಾರದಿದ್ದರೇ ಆಶ್ಚರ್ಯ. ಪಿಟೀಲಿನ ಜಾತಿಯದೇ, ನಿಂತು ನುಡಿಸುವುದು, ಹೆಸರು ಡಬಲ್ ಬಾಸ್ ಎಂದು ವಿವರಿಸಿದರೆ, "ಪಿಟೀಲಿನ ದೊಡ್ಡಪ್ಪ ಅನ್ನಿ" ಎಂದು ಹಗ್ಗ ಬಿಗಿಯುತ್ತಾರೆ. ವಾರವೆಲ್ಲ ಬ್ಯಾಂಕಿನ ಕೌಂಟರಿನಲ್ಲಿ ಕೂತು, ಶನಿವಾರ ಸಂಜೆ ಗೆಳೆಯರ ಜಾಝ್ ತಂಡದಲ್ಲಿ ಈ ದೊಡ್ಡಪ್ಪನನ್ನು ತಬ್ಬಿಕೊಂಡು ನಿಲ್ಲುವ ನನಗೆ ಇದಕ್ಕಿಂತ ಒಳ್ಳೆಯ ಪರಿಚಯ ಈವರೆಗೆ ಹೊಳೆದಿಲ್ಲ.

ದೊಡ್ಡಪ್ಪನ ಅತಿ ದಪ್ಪ ತಂತಿಯ ಹೆಸರು ಇ. ಸೆಕೆಂಡಿಗೆ ಸುಮಾರು 41 ಸಲ ಅದುರುತ್ತದೆ. ನಮ್ಮ ಮೇಳದಲ್ಲಿ ಅದಕ್ಕಿಂತ ಕೆಳಗೆ ಯಾರೂ ಇಳಿಯುವುದಿಲ್ಲ ಎಂಬ ಭರವಸೆಯಲ್ಲಿ ನಾನಿದ್ದೆ. ಒಂದು ಶನಿವಾರ ಕೀಬೋರ್ಡಿನ ಹುಡುಗ, ನನ್ನ ಅರ್ಧ ವಯಸ್ಸಿನವನು, ಎಡಗೈಯ ಕಿರುಬೆರಳಿನಲ್ಲಿ ನನಗಿಂತ ಒಂದು ಸ್ಥಾಯಿ ಕೆಳಗಿನ ಸ್ವರ ಒತ್ತಿಕೊಂಡು ಬಲಗೈಯಲ್ಲಿ ಕಾಫಿ ಕುಡಿದ. ಎರಡು ಕೈ, ಸೊಂಟ, ಎಡ ಮಂಡಿ ಎಲ್ಲವನ್ನೂ ಕೊಟ್ಟು ನಾನು ಕಟ್ಟಿದ ಪಾಯದ ಅಡಿಯಲ್ಲಿ ಯಾರೋ ನೆಲಮಾಳಿಗೆ ತೋಡಿದ ಹಾಗಾಯಿತು. ಆಕ್ಟೇವ್ ಪೆಡಲ್ ಕೊಳ್ಳಲೇಬೇಕು ಎಂದು ಆ ರಾತ್ರಿಯೇ ನಿಶ್ಚಯಿಸಿದೆ.

ಅದು ಸೋಪಿನ ಡಬ್ಬಿಯಷ್ಟು ದೊಡ್ಡ ಪೆಟ್ಟಿಗೆ, ಕಾಲಲ್ಲಿ ಒತ್ತುವುದು. ನುಡಿಸಿದ ಸ್ವರದ ಜೊತೆಗೆ ಅದರ ಕೆಳಗಿನ ಸ್ಥಾಯಿಯ ಸ್ವರವನ್ನೂ ಸೇರಿಸಿ ಸ್ಪೀಕರಿಗೆ ಕಳಿಸುತ್ತದೆ. ಮಂದ್ರದವನಿಗೆ ಅನುಮಂದ್ರ. ಇದರಲ್ಲಿ ಆರಿಸುವುದೇನಿದೆ, ಒಂದು ತಂದರಾಯಿತು ಅಂದುಕೊಂಡವನು ಮೂರು ತಿಂಗಳು ಆರಿಸಿದೆ.

ಒಂದು ಸಂಜೆ ಲ್ಯಾಪ್‌ಟಾಪಿನಲ್ಲಿ ಎಂಎಕ್ಸ್‌ಆರ್ ಕಂಪನಿಯ ಬಾಸ್ ಆಕ್ಟೇವ್ ಡಿಲಕ್ಸ್ ನೋಡುತ್ತಾ ಕೂತಿದ್ದೆ. ಹೆಂಡತಿ ಹಿಂದಿನಿಂದ ಬಗ್ಗಿ ಅದರ ತಿರುಗಣೆಗಳ ಹೆಸರು ಓದಿದಳು: ಡ್ರೈ, ಗ್ರೌಲ್, ಗರ್ತ್.

"ಗರ್ತ್ ಅಂದ್ರೆ ಸುತ್ತಳತೆ ಅಲ್ವಾ?"

"ಹೂಂ. ಸ್ವರ ದುಂಡಗಾಗುತ್ತೆ."

"ಗ್ರೌಲ್ ಅಂದ್ರೆ ಗುರುಗುಟ್ಟೋದು."

"ಹೂಂ."

"ಎರಡೂ ನಿಮಗೆ ಇದ್ದೇ ಇದೆಯಲ್ರೀ, ಮತ್ತೆ ದುಡ್ಡು ಕೊಟ್ಟು ಯಾಕೆ?"

ಈ ಹುಚ್ಚು ನನ್ನೊಬ್ಬನದೇ ಅಲ್ಲ ಎಂದು ತೋರಿಸಲು ಇತಿಹಾಸದ ಮೊರೆಹೋದೆ. 1850ರ ಸುಮಾರಿಗೆ ಪ್ಯಾರಿಸಿನಲ್ಲಿ ವ್ಯೂಯೋಮ್ ಎಂಬ ಹೆಸರಾಂತ ಪಿಟೀಲು ತಯಾರಕ ಆಕ್ಟೋಬಾಸ್ ಅಂತ ಒಂದು ವಾದ್ಯ ಮಾಡಿದ. ಎತ್ತರ ಹೆಚ್ಚುಕಡಿಮೆ ಮೂರೂವರೆ ಮೀಟರು. ನುಡಿಸುವವನು ಅಟ್ಟಣೆಯ ಮೇಲೆ ನಿಲ್ಲಬೇಕು. ತಂತಿ ಮೂರೇ, ಆದರೆ ಒತ್ತಲು ಬೆರಳಿನ ಶಕ್ತಿ ಸಾಲದು. ಕೈಗೆ ಸನ್ನೆಗೋಲು, ಕಾಲಿಗೆ ಪೆಡಲು. ಕೆಳಗಿಳಿಯುವ ಆಸೆಗೆ ಕಾಲೊತ್ತುವ ಚಟ ಆಗಲೇ ಶುರುವಾಗಿತ್ತು. ಅಂಥದ್ದೊಂದು ಪ್ಯಾರಿಸಿನ ಸಂಗೀತ ಮ್ಯೂಸಿಯಮ್ಮಿನಲ್ಲಿ ಇವತ್ತಿಗೂ ಇದೆ. ನಮ್ಮ ಲಗೇಜ್ ಆಟೋದವರನ್ನು ಒಮ್ಮೆ ಕರೆದುಕೊಂಡು ಹೋಗಿ ಅದರ ಮುಂದೆ ನಿಲ್ಲಿಸಬೇಕು.

ನನ್ನ ಸೋದರಮಾವ ಮೃದಂಗದವರು. ಅವರ ಹತ್ತಿರ ಸಂಕಟ ಹೇಳಿಕೊಂಡೆ. "ಅಷ್ಟೇನಾ" ಎಂದು ಒಂದು ಚಮಚ ರವೆಯನ್ನು ನೀರಲ್ಲಿ ಕಲಸಿ, ಎಡಗಡೆಯ ತೊಪ್ಪಿಯ ನಡುವೆ ಮೆತ್ತಿ, ಅಂಗೈಯಲ್ಲಿ ಒತ್ತಿ ಸರಿಮಾಡಿ ತಟ್ಟಿದರು. ಚರ್ಮದ ಭಾರ ಹೆಚ್ಚಿ ನಾದ ಗುಂ ಎಂದು ಕೆಳಗೆ ಜಾರಿತು.

"ನಿನ್ನ ಪೆಡಲಿಗೆ ಎಷ್ಟೋ?"

"ಹದಿನೈದು ಸಾವಿರದ ಹತ್ತಿರ ಮಾವ."

ಅವರು ಬಟ್ಟಲಲ್ಲಿ ಉಳಿದಿದ್ದ ರವೆಯ ಕಡೆ ನೋಡಿದರು. ಏನೂ ಅನ್ನಲಿಲ್ಲ. ಅಂದಿದ್ದರೇ ವಾಸಿಯಿತ್ತು.

ಪೆಡಲುಗಳಲ್ಲಿ ಎರಡು ಪಂಗಡ. ಹಳೆಯದು ಅನಲಾಗ್. ತೆಂಗಿನಕಾಯಿ ಎಣಿಸುವವರನ್ನು ನೋಡಿದ್ದೀರಲ್ಲ: ಕೈಗೊಂದರಂತೆ ಜೋಡಿಕಾಯಿ ಎತ್ತಿ ಎಸೆದು "ಲಾಭ, ಎರಡು, ಮೂರು" ಎಂದು ರಾಗವಾಗಿ ಎಣಿಸುತ್ತಾರೆ. ನೂರು ಕಾಯಿಗೆ ಐವತ್ತು ಎಣಿಕೆ. ಅನಲಾಗ್ ಪೆಡಲಿನೊಳಗೆ ಕೂತಿರುವುದೂ ಅಂಥವನೇ ಒಬ್ಬ. ಎರಡು ಅಲೆಗೆ ಒಂದು ಎಂದು ಎಣಿಸಿ ಅರ್ಧ ಕಂಪನದ ಹೊಸ ಸ್ವರ ಕಟ್ಟುತ್ತಾನೆ. ಎಣಿಸುವಾಗ ನಡುವೆ ಮಾತಾಡಿಸಬಾರದು. ಒಟ್ಟಿಗೆ ಎರಡು ತಂತಿ ಮೀಟಿದರೆ ಯಾವ ಕಾಯಿ ಯಾವ ರಾಶಿಯದೆಂದು ತಿಳಿಯದೆ ಲೆಕ್ಕ ತಪ್ಪಿ ಬಾಯಿಗೆ ಬಂದದ್ದು ಕೂಗುತ್ತಾನೆ. ಡಿಜಿಟಲ್ ಪಂಗಡದವರು ಹಾಗಲ್ಲ. ಎಲೆಕ್ಟ್ರೋ-ಹಾರ್ಮೋನಿಕ್ಸ್‌ನ ಪೋಗ್ ಥರದ್ದಕ್ಕೆ ನಾಲ್ಕು ತಂತಿ ಒಟ್ಟಿಗೆ ಮೀಟಿದರೂ ತಲೆ ಕೆಡುವುದಿಲ್ಲ. ದನಿ ಚರ್ಚಿನ ಆರ್ಗನ್ನಿನ ಹಾಗೆ ನುಣ್ಣಗೆ. ನನಗೆ ಆ ನುಣುಪೇ ಸೇರಲಿಲ್ಲ. ದೊಡ್ಡಪ್ಪನಿಗೆ ಪೌಡರ್ ಹಚ್ಚಿದ ಹಾಗೆ.

ಅನಲಾಗ್ ಪಂಗಡದ ಹಿರಿಯನೆಂದರೆ ಬಾಸ್ ಕಂಪನಿಯ ಕಂದು ಬಣ್ಣದ ಓಸಿ-2. ಕಂಪನಿಯೂ ಬಾಸ್, ವಾದ್ಯವೂ ಬಾಸ್. ಕನ್ನಡದಲ್ಲಿ ಬರೆದರೆ ಒಂದೇ. ಬ್ರಾಂಚಿನಲ್ಲಿ ಇನ್ನೊಬ್ಬ ಬಾಸ್ ಇದ್ದಾರೆ, ಅವರ ವಿಷಯ ಇಲ್ಲಿ ಬೇಡ. 1980ರ ದಶಕದ ಆರಂಭದಲ್ಲಿ ಬಂದು 2003ರವರೆಗೆ ತಯಾರಾದ ಈ ಪೆಡಲನ್ನು ವೇಲ್ಸಿನ ಪಿನೋ ಪಲ್ಲಾಡಿನೋ ತಮ್ಮ ಬಾಸ್ ಗಿಟಾರಿಗೆ ಹಾಕಿ ನುಡಿಸಿದ್ದನ್ನು ಕೇಳಿದವರು ಇನ್ನೂ ಮೈಮರೆಯುತ್ತಾರೆ. ಹಳೆಯವುಗಳಲ್ಲೂ ಜಪಾನಿನಲ್ಲಿ ಹುಟ್ಟಿದ್ದಕ್ಕೆ ಒಂದು ದರ, ತೈವಾನಿನಲ್ಲಿ ಹುಟ್ಟಿದ್ದಕ್ಕೆ ಇನ್ನೊಂದು. ಬೆನ್ನು ತಿರುಗಿಸಿ ಚೀಟಿ ಓದಿಯೇ ಬೆಲೆ ಕಟ್ಟುವವರಿದ್ದಾರೆ.

ಕೊನೆಗೆ ಗೆಳೆಯನ ಹತ್ತಿರ ಒಂದು ಹಳೆಯ ಅನಲಾಗ್ ಪೆಡಲ್ ಎರವಲು ತಂದೆ. ಯಾವ ಕಂಪನಿಯದೆಂದು ಹೇಳುವುದಿಲ್ಲ, ತಪ್ಪು ಅದರದಲ್ಲ. ಮೊದಲ ದಿನ ಅಡಾಪ್ಟರ್ ಹುಡುಕಿ ವೈಫೈ ಡಬ್ಬದ್ದನ್ನೇ ಸಿಕ್ಕಿಸಹೊರಟಿದ್ದೆ. ಪೆಡಲಿಗೆ ಬೇಕಾದ್ದು 9 ವೋಲ್ಟ್, ನಡುವಿನ ಕಡ್ಡಿ ನೆಗೆಟಿವ್. ನನ್ನ ಕೈಯಲ್ಲಿದ್ದದ್ದು 12 ವೋಲ್ಟ್, ನಡುವೆ ಪಾಸಿಟಿವ್. ಮಗಳು ನೋಡಿ ಕಿತ್ತುಕೊಂಡಳು. ಎರಡನೆಯ ದಿನ ಗೊತ್ತಾಯಿತು, ನನ್ನ ವಾದ್ಯದ ಕುದುರೆಗೆ ಸಿಕ್ಕಿಸಿರುವ ಪೀಜೋ ಪಿಕಪ್ ಬಲು ಸಂಕೋಚದ ಪ್ರಾಣಿ, ಸಿಕ್ಕಸಿಕ್ಕ ಪೆಟ್ಟಿಗೆಗೆ ನೇರವಾಗಿ ಜೋಡಿಸಿದರೆ ತಗ್ಗಿನ ಸತ್ವವೆಲ್ಲ ಸೋರಿ ಬರೀ ತಗಡಿನ ಸದ್ದು ಉಳಿಯುತ್ತದೆ ಅಂತ. ನಡುವೆ ಇನ್‌ಪುಟ್ ಇಂಪೀಡೆನ್ಸ್ ಒಂದು ಮೆಗಾ ಓಮ್‌ಗೆ ಕಡಿಮೆಯಿಲ್ಲದ ಪ್ರಿಆಂಪ್ ಬೇಕು. ಕೌಪೀನ ಕಾಯಲು ಬೆಕ್ಕು ಸಾಕಿದ ಸನ್ಯಾಸಿಯನ್ನು ನೆನೆಯುತ್ತಾ ಅದನ್ನೂ ಕೊಂಡೆ.

ಮೂರನೆಯ ದಿನ ಇ ತಂತಿ ಮೀಟಿ ಪೆಡಲ್ ಒತ್ತಿದೆ. ಏನೂ ಆಗಲಿಲ್ಲ. ಅಂದರೆ, ನಾನು ಮೀಟಿದ ಸ್ವರವೇ ಇನ್ನೊಂದು ಸಲ ಬಂತು. ಬಳಿಕ ತಂತಿಯ ನಾದ ಸಾಯುತ್ತಾ ಬಂದಾಗ ಪೆಡಲು ಗೊಳಗೊಳ ಅನ್ನತೊಡಗಿತು. ಬೆಳಗಿನ ಜಾವ ಬಚ್ಚಲಲ್ಲಿ ನಮ್ಮ ತಾತ ಬಾಯಿ ಮುಕ್ಕಳಿಸುತ್ತಿದ್ದರಲ್ಲ, ಥೇಟ್ ಅದೇ.

ಇದರ ಗುಟ್ಟು ತಿಳಿಯಲು ಒಂದು ವಾರ ಹಿಡಿಯಿತು. ಡಬಲ್ ಬಾಸ್ ನೋಡಲು ದೊಡ್ಡದೇ ಹೊರತು, 41 ಕಂಪನವನ್ನು ಗಟ್ಟಿಯಾಗಿ ಹೊರಗೆ ಎಸೆಯುವಷ್ಟು ದೊಡ್ಡದಲ್ಲ. ಅದರ ಮೇಲಿನ 82, 123 ಜೋರಾಗಿರುತ್ತವೆ. ನಮ್ಮ ಕಿವಿ ಅವುಗಳ ನಡುವಿನ ಅಂತರ ನೋಡಿ, ಬುಡದಲ್ಲಿ 41 ಇರಲೇಬೇಕು ಎಂದು ತಾನೇ ತುಂಬಿಕೊಳ್ಳುತ್ತದೆ. ಅಪ್ಪನ ಅಂಗೈಯಗಲದ ಟ್ರಾನ್ಸಿಸ್ಟರಿನಲ್ಲಿ ಮೃದಂಗದ ಗುಮುಕಿ ಕೇಳಿ ತಲೆದೂಗಿದ್ದೆವಲ್ಲ, ಆ ಪುಟ್ಟ ಸ್ಪೀಕರಿನಿಂದ ಆ ತಗ್ಗು ಹೊರಟೇ ಇರಲಿಲ್ಲ. ಕಿವಿ ಅಷ್ಟು ಉದಾರಿ. ಪೆಡಲಿಗೆ ಆ ಔದಾರ್ಯವಿಲ್ಲ. ಅದಕ್ಕೆ 82 ಜೋರಾಗಿ ಕೇಳಿಸಿತು, ಎಣಿಸಿತು, ಅರ್ಧ ಮಾಡಿತು, 41 ಕೊಟ್ಟಿತು. ನನ್ನ ಸ್ವರವನ್ನು ನನಗೇ ಮಾರಿತು.

ಹಾಗೊಮ್ಮೆ ಸರಿಯಾಗಿ ಎಣಿಸಿದ್ದರೂ ಸಿಗುತ್ತಿದ್ದದ್ದು 20.6. ಮನುಷ್ಯರ ಕಿವಿ ನಿಲ್ಲುವುದು ಸುಮಾರು 20ಕ್ಕೆ, ನನ್ನ ಸ್ಪೀಕರ್ ಅದಕ್ಕೂ ಎಷ್ಟೋ ಮೊದಲೇ ಕೈಚೆಲ್ಲುತ್ತದೆ. ಆ ಸ್ವರದ ಒಂದೇ ಒಂದು ಅಲೆಯ ಉದ್ದ ಹದಿನಾರೂವರೆ ಮೀಟರು, ಹತ್ತಿರಹತ್ತಿರ 55 ಅಡಿ. ನಮ್ಮದು 30-40ರ ಸೈಟು. ಮೂಲೆಯಿಂದ ಮೂಲೆಗೆ ಟೇಪು ಹಿಡಿದರೂ 50 ಅಡಿ. ಉಳಿದ ಐದು ಅಡಿ ಸ್ವರವನ್ನು ಪಕ್ಕದ ಮನೆಯ ಮೇಷ್ಟ್ರ ಕಾಂಪೌಂಡಿನಲ್ಲಿ ಇಡಬೇಕು. ಸೆಟ್‌ಬ್ಯಾಕ್ ಬಿಡುವುದು ಬೇರೆ.

ಎಲ್ಲ ತಿಳಿದ ಮೇಲೂ ಕೊಂಡೆ. ಕೊಳ್ಳದಿದ್ದರೆ ಮೂರು ತಿಂಗಳ ಓದು ದಂಡ. ಅನಲಾಗ್ ಪಂಗಡದ್ದೇ. ಸ್ಪೀಕರಿನ ಗುಂಗು ವಾದ್ಯದ ಹೊಟ್ಟೆಗೆ ಹೊಕ್ಕು ಊಳಿಡದಿರಲೆಂದು, ಎಫ್ ಆಕಾರದ ಎರಡು ಕಂಡಿಗಳಿಗೆ ಅಮ್ಮನ ಹಳೆಯ ವಾಯಿಲ್ ಸೀರೆಯ ತುಂಡು ತುರುಕಿದೆ. ಪೆಡಲ್ ಎಲ್ಲಿ ಚೆನ್ನಾಗಿ ಎಣಿಸುತ್ತದೆ ಎಂದು ಹುಡುಕುತ್ತಾ ಹುಡುಕುತ್ತಾ ಮೇಲಿನ ಜಿ ತಂತಿಗೆ ಬಂದೆ. ಅಲ್ಲಿ ಒಂದೂ ತಪ್ಪುವುದಿಲ್ಲ, ಕೆಳಗಿನ ಸ್ವರ ಹಲಸಿನ ಹಣ್ಣಿನ ಹಾಗೆ ಬಂದು ಬೀಳುತ್ತದೆ. ಸಣ್ಣ ತೊಡಕೆಂದರೆ, ಜಿ ತಂತಿಯ 98ರ ಅರ್ಧ 49. ಅದು ನನ್ನ ಇ ತಂತಿಯಲ್ಲಿ ಮೂರು ಅರ್ಧಸ್ವರ ಮೇಲೆ ಮೊದಲಿನಿಂದಲೂ ಇದ್ದೇ ಇತ್ತು. ಕೈ ಸ್ವಲ್ಪ ಸರಿಸಿದ್ದರೆ ಪುಕ್ಕಟೆ ಸಿಗುತ್ತಿತ್ತು. ಇದನ್ನು ಮನೆಯಲ್ಲಿ ಹೇಳಿಲ್ಲ.

ಒಂದು ರಾತ್ರಿ ಏಳೂವರೆಗೆ ಜಿ ತಂತಿಯನ್ನು ಕಮಾನಿನಲ್ಲಿ ಉದ್ದಕ್ಕೆ ಎಳೆಯುತ್ತಿದ್ದೆ. ಅಡುಗೆಮನೆಯ ಸ್ಟ್ಯಾಂಡಿನಲ್ಲಿ ತಟ್ಟೆಗಳು ಝಿಲ್ಲೆನ್ನುತ್ತಿದ್ದವು. ಕಾಂಪೌಂಡಿನ ಆಚೆಯಿಂದ ಮೇಷ್ಟ್ರು ಕೂಗಿದರು: "ಸಂಪಿನ ಮೋಟಾರ್ ಆಫ್ ಮಾಡೋದು ಮರೆತಿದ್ದೀರಿ ಕಣ್ರೀ!" ಒಳಗೆ ಕರೆದು ಪೆಡಲ್ ತೋರಿಸಿದೆ, ಒತ್ತಿದೆ, ಬಿಟ್ಟೆ, ಮತ್ತೆ ಒತ್ತಿದೆ. ಕಾಫಿ ಕುಡಿದು, "ನಿಮ್ಮದೇ ಅಂತ ಗೊತ್ತಾಯ್ತಲ್ಲ, ಇನ್ನು ಗಾಬರಿ ಬೀಳಲ್ಲ ಬಿಡಿ" ಎಂದು ಹೋದರು.

ಹದಿನೈದು ದಿನ ಕಳೆದು ಒಂದು ಭಾನುವಾರ ಬೆಳಿಗ್ಗೆ ಅವರ ಗೇಟಿನ ಬಳಿ ಮೆಕ್ಯಾನಿಕ್ ಮೋಟಾರು ಬಿಚ್ಚುತ್ತಿದ್ದ. ಹಿಂದಿನ ಸಂಜೆ ಮೇಷ್ಟ್ರ ಸಂಪಿನಲ್ಲಿ ನೀರು ಮುಗಿದು, ಮೋಟಾರು ಒಣಗಿದ್ದೇ ಮೂರು ಗಂಟೆ ಓಡಿ ಸುಟ್ಟುಹೋಗಿತ್ತು. "ನೀವು ಪ್ರಾಕ್ಟೀಸ್ ಮಾಡ್ತಿದ್ದೀರಿ ಅಂದ್ಕೊಂಡೆ ಕಣ್ರೀ. ಇವತ್ತು ಶ್ರುತಿ ಚೆನ್ನಾಗಿ ಕೂತಿದೆ ಅಂತ ಮನೆಯವರ ಹತ್ತಿರ ಹೇಳಿದೆ ಬೇರೆ."

ಬಗ್ಗಿ ಮೋಟಾರಿನ ತಗಡಿನ ಮೇಲಿದ್ದದ್ದನ್ನು ಓದಿದೆ: ನಿಮಿಷಕ್ಕೆ 2880 ಸುತ್ತು. ಅರವತ್ತರಿಂದ ಭಾಗಿಸಿದರೆ ಸೆಕೆಂಡಿಗೆ 48. ನನ್ನದು 49. ಮೇಷ್ಟ್ರ ಕಿವಿಯಲ್ಲಿ ಏನೇನೂ ದೋಷವಿರಲಿಲ್ಲ. ವೈಂಡಿಂಗಿನ ಖರ್ಚಿನಲ್ಲಿ ಅರ್ಧ ಕೊಟ್ಟು ಬಂದೆ.