ನುಡಿಮುತ್ತು ಕಲಸುವ ಕೆಲಸ

ನಮ್ಮ ಆಫೀಸಿನಲ್ಲಿ ಈಮೇಲ್ ಬರೆದರೆ ಉತ್ತರ ಬರುವುದಿಲ್ಲ. ನುಡಿಮುತ್ತು ಬರುತ್ತದೆ.

ಕ್ಯಾಬ್ ಬಿಲ್ ಏನಾಯಿತೆಂದು ಮೂರು ಸಲ ಬರೆದೆ. ಏಳು ವಾರಕ್ಕೆ ಬಂದದ್ದು ಒಂದೇ ಪದ: 'ಗಮನಿಸಲಾಗಿದೆ'. ಅದರ ಕೆಳಗೆ ಹೆಸರು, ಹುದ್ದೆ, ಎರಡು ಫೋನ್ ನಂಬರು, ಲೋಗೊ. ಅದರ ಕೆಳಗೆ ಸಮಯದ ಬೆಲೆಯ ಬಗ್ಗೆ ಐದು ಸಾಲು ಉಪದೇಶ. ಸಮಯದ ಬೆಲೆ ಅವರಿಗೆ ಗೊತ್ತಿದೆ. ಕ್ಯಾಬಿನ ಬೆಲೆ ಗೊತ್ತಿಲ್ಲ, ಅಷ್ಟೆ.

ಆದರೆ ಎಚ್‌ಆರ್‌ನವರ ಕೊರಗೇ ಬೇರೆ. ಉಪದೇಶ ದಿನಾ ಒಂದೇ ಇರುತ್ತದಂತೆ. ಇಡೀ ಆಫೀಸಿನ ಸಿಗ್ನೇಚರಿನಲ್ಲಿ ದಿನಕ್ಕೊಂದು ಹೊಸ ನುಡಿಮುತ್ತು ತಾನಾಗಿ ಬರುವ ಹಾಗೆ ಸಣ್ಣ ಪ್ರೋಗ್ರಾಂ ಬರೆದುಕೊಡಿ ಎಂದರು. ಬಿಲ್ಲಿಗೆ ಏಳು ವಾರ. ಇದು ನಾಳೆಯೊಳಗೆ.

ಇದೇನು ಹೊಸ ಸಂಶೋಧನೆಯಲ್ಲ. 1979ರ ಯೂನಿಕ್ಸ್ ಏಳನೇ ಆವೃತ್ತಿಯಲ್ಲೇ 'ಫಾರ್ಚೂನ್' ಎಂಬ ಪುಟ್ಟ ಪ್ರೋಗ್ರಾಂ ಇತ್ತು. ಅದನ್ನು ಇಟ್ಟಿದ್ದದ್ದು ಆಟಗಳ ಡೈರೆಕ್ಟರಿಯಲ್ಲಿ. ತಾವು ಮಾಡುತ್ತಿರುವುದು ತಮಾಷೆ ಎಂದು ಅದನ್ನು ಬರೆದವರಿಗೆ ಗೊತ್ತಿತ್ತು. ನಮ್ಮಲ್ಲಿ ಇದರ ಹೆಸರು 'ಸಾಂಸ್ಕೃತಿಕ ಪರಿವರ್ತನೆ'.

ಆ ಕಾಲದವರಿಗೆ ನಾಚಿಕೆಯೂ ಇತ್ತು. ಸಿಗ್ನೇಚರ್ ನಾಲ್ಕು ಸಾಲು ಮೀರದಿರಲಿ ಎಂದು 1995ರ ಇಂಟರ್‌ನೆಟ್ ಶಿಷ್ಟಾಚಾರದ ದಾಖಲೆಯೇ ಹೇಳಿತು. ಸಿಗ್ನೇಚರಿನ ಮೇಲೆ ಎರಡು ಅಡ್ಡಗೆರೆ ಹಾಕಿ, ಒಂದು ಖಾಲಿ ಜಾಗ ಬಿಡುವ ಪದ್ಧತಿಯೂ ಇತ್ತು. ಇಲ್ಲಿಂದ ಕೆಳಗೆ ವಿಷಯವಿಲ್ಲ ಎಂದು ಯಂತ್ರಕ್ಕೆ ಹೇಳುವ ಗುರುತು ಅದು. ನಮ್ಮ ಮೇಲ್‌ಗಳಲ್ಲಿ ಆ ಗೆರೆಯನ್ನು 'ನಮಸ್ಕಾರ'ದ ಮೇಲೆಯೇ ಹಾಕಬೇಕಾಗುತ್ತದೆ.

ನಾಲ್ಕು ಸಾಲೆಂದ ಮೇಲೆ ಮಂಕುತಿಮ್ಮನ ಕಗ್ಗಕ್ಕಿಂತ ಬೇಕೆ? 945 ಪದ್ಯ, ಒಂದೊಂದೂ ನಾಲ್ಕೇ ಸಾಲು. ದಿನಕ್ಕೊಂದರಂತೆ ಎರಡೂವರೆ ವರ್ಷ ಚಿಂತೆಯಿಲ್ಲ. 'ಪಾಸಿಟಿವ್ ಆಗಿಲ್ಲ' ಎಂದರು. ಸರ್ವಜ್ಞ? ಮೂರೇ ಸಾಲು. ಆದರೆ ಸಾಲದ ಬಗ್ಗೆ ಮಾತಾಡುತ್ತಾನೆ. ಅದೇ ವಾರ ಕ್ಯಾಂಟೀನಿನಲ್ಲಿ ಪರ್ಸನಲ್ ಲೋನ್ ಕೊಡುವವರ ಸ್ಟಾಲ್ ಹಾಕಿಸಿದ್ದರು. ಸರ್ವಜ್ಞನೂ ಹೊರಗೆ.

ಕೊನೆಗೆ ಅವರೇ ಪಟ್ಟಿ ಕಳಿಸಿದರು. ಒಟ್ಟು 40. ಅರ್ಧ ಐನ್‌ಸ್ಟೈನ್ ಹೆಸರಿನಲ್ಲಿ. ಆರು ನಮ್ಮ ಎಂ.ಡಿ.ಯವರವು.

ಹತ್ತು ಸಾಲಿನ ಕೋಡ್. ಕಾಫಿ ಆರುವುದರೊಳಗೆ ಮುಗಿಯಿತು. ಎರಡನೇ ವಾರ ದೂರು ಬಂತು: ಸೋಮವಾರದ್ದೇ ಬುಧವಾರವೂ ಬಂದಿದೆ, ನಿಮ್ಮದು ರ‍್ಯಾಂಡಮ್ ಆಗಿಲ್ಲ. ಸ್ವಾಮಿ, ರ‍್ಯಾಂಡಮ್ ಆಗಿರುವುದಕ್ಕೇ ಹಾಗೆ ಬಂದದ್ದು. 40ರಲ್ಲಿ ದಿನಕ್ಕೊಂದು ಕಣ್ಣುಮುಚ್ಚಿ ಎತ್ತಿದರೆ 8 ದಿನದೊಳಗೆ ಯಾವುದಾದರೊಂದು ಮರಳಿ ಬರುವ ಸಾಧ್ಯತೆ ಅರ್ಧಕ್ಕಿಂತ ಹೆಚ್ಚು. ಯಾರು ಕೇಳುತ್ತಾರೆ? ಇಸ್ಪೀಟಿನ ಹಾಗೆ ಕಲಸಿ, ಕಟ್ಟು ಮುಗಿಯುವ ತನಕ ಒಂದೊಂದೇ ಎಲೆ ಎತ್ತುವಂತೆ ಬದಲಾಯಿಸಿದೆ.

ಮತ್ತೊಂದು ಮೇಲ್. ಎಂ.ಡಿ. ಸಾಹೇಬರ ಮಾತು ಪ್ರತಿ ಸೋಮವಾರ ಬರಬೇಕು. ಆದರೆ ರ‍್ಯಾಂಡಮ್ ಆಗಿಯೇ ಬರಬೇಕು.

ಬರೆದುಕೊಟ್ಟೆ. ಸಂಬಳ ಎಣಿಸುವವನಿಗೆ ಗಣಿತದ ಅಭಿಮಾನವೆಲ್ಲಿಂದ ಬರಬೇಕು?

ಒಂದು ಶುಕ್ರವಾರ ಸಂಜೆ ಪಕ್ಕದ ಟೀಮಿನ ಹುಡುಗಿಗೆ ಮೇಲ್ ಬಂತು. ಇಂದೇ ನಿಮ್ಮ ಕಡೆಯ ದಿನ, ಆರೂವರೆಯೊಳಗೆ ಲ್ಯಾಪ್‌ಟಾಪ್ ಒಪ್ಪಿಸಿ. ಆಗ ಆರು ಹತ್ತು. ಕೆಳಗೆ ಅಂದಿನ ಎಲೆ: ಹಡಗು ಬಂದರು ಬಿಟ್ಟು ಹೊರಡಬೇಕೆಂಬ ಉಪದೇಶ. ಅವಳು ಓದಿ, ಸ್ಕ್ರೀನನ್ನು ನನ್ನತ್ತ ತಿರುಗಿಸಿ, ಚಾರ್ಜರಿನ ವಯರು ಸುತ್ತತೊಡಗಿದಳು. ನನ್ನ ಕೋಡಿನಲ್ಲಿ ತಪ್ಪೇನೂ ಇರಲಿಲ್ಲ.

ಪಟ್ಟಿಯಲ್ಲಿ ಕನ್ನಡದ್ದೆಂದು ಒಂದೇ ಒಂದಿತ್ತು, ಕಾಯಕವನ್ನು ಕೈಲಾಸವೆಂದದ್ದು. ಹೆಸರು ಬಸವಣ್ಣನದು. ಆ ಮಾತಿರುವುದು ಆಯ್ದಕ್ಕಿ ಮಾರಯ್ಯನ ವಚನದಲ್ಲಿ. ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ಬದುಕಿದವನು. ಒಂದು ದಿನ ಹೆಚ್ಚಿಗೆ ತಂದನೆಂದು ಹೆಂಡತಿ ಲಕ್ಕಮ್ಮ, ಅಲ್ಲೇ ಸುರಿದು ಬಾ ಎಂದು ವಾಪಸ್ ಕಳಿಸಿದಳಂತೆ. ಹೆಸರು ತಿದ್ದಿದೆ. ಒಂದೇ ಗಂಟೆಯಲ್ಲಿ ಉತ್ತರ. ಬಿಲ್ಲಿಗೆ ಬಾರದ ಚುರುಕು! 'ಈ ಮಾರಯ್ಯ ಯಾರು? ಬಸವಣ್ಣನೇ ಇರಲಿ, ಜನಕ್ಕೆ ಗೊತ್ತಿರುವ ಹೆಸರು.'

ಅಕ್ಕಿ ಆಯ್ದವನ ಮಾತು ಭಂಡಾರಿ ಬಸವಣ್ಣನ ಖಾತೆಗೆ.

ಇಷ್ಟೆಲ್ಲ ಆದ ಮೇಲೆ, ಮರುದಿನ ಇಡೀ ಆಫೀಸಿಗೆ ಉದ್ಘಾಟನೆಯ ಮೇಲ್. ಈ ವಿನೂತನ ವ್ಯವಸ್ಥೆಯ ಕಲ್ಪನೆ, ವಿನ್ಯಾಸ, ನಿರ್ಮಾಣ ಎಲ್ಲವೂ ನಮ್ಮ ಮ್ಯಾನೇಜರರದು. ಕೆಳಗೆ ಅಂದಿನ ಎಲೆ ಯಾವುದೆಂದು ನೋಡಿದೆ. ಕಾಯಕದ್ದು. ಬಸವಣ್ಣನ ಹೆಸರಿನಲ್ಲಿ.

ಎಲ್ಲರೂ 'ರಿಪ್ಲೈ ಆಲ್' ಒತ್ತಿ ಅಭಿನಂದಿಸಿದರು. ನಾನೂ ಒತ್ತಿದೆ.