ಕೇಸರಿ: ಬಳಸುವ ಮುನ್ನ ಓದಿಕೊಳ್ಳಿ

ಅಭಿನಂದನೆಗಳು! ನೂರಾರು ರೂಪಾಯಿ ತೆತ್ತು ನೀವು ತಂದ ಗಿಣ್ಣುದ್ದದ ಡಬ್ಬಿಯಲ್ಲಿರುವುದು ಒಂದು ನೇರಳೆ ಹೂವಿನ ಶಲಾಕಾಗ್ರ, ಅಂದರೆ ಹೂವಿನ ಹೆಣ್ಣುಭಾಗದ ತುದಿ. ಹೂವಿಗೆ ಮೂರೇ ಎಳೆ. ಒಣಗಿಸಿದ ಮೇಲೆ ಒಂದು ಗ್ರಾಂ ತೂಗಬೇಕಾದರೆ ಸುಮಾರು 150 ಹೂ ಬಿಡಿಸಬೇಕು. ಬಿಡಿಸುವ ಯಂತ್ರವೆಂದರೆ ಮನುಷ್ಯನ ಬೆರಳು. ಅಂಗಡಿಯವನ ಜೊತೆ ಚೌಕಾಸಿಗೆ ಇಳಿಯುವವರು ಈ ಲೆಕ್ಕವನ್ನು ಇನ್ನೊಮ್ಮೆ ಓದಿಕೊಳ್ಳಿ.

ತಯಾರಿಕೆ. ಈ ಗಿಡದಲ್ಲಿ ಹುಟ್ಟಿನಿಂದಲೇ ಒಂದು ದೋಷವಿದೆ: ಬೀಜ ಕಟ್ಟುವುದಿಲ್ಲ. ಹೆಚ್ಚಿನ ಗಿಡಗಳಿಗೆ ವರ್ಣತಂತುಗಳು ಎರಡು ಕಂತೆ; ಕೇಸರಿ ಗಿಡಕ್ಕೆ, ಅಂದರೆ ಕ್ರೋಕಸ್ ಸಟೈವಸ್‌ಗೆ, ಎಂಟೆಂಟರ ಮೂರು ಕಂತೆ, ಒಟ್ಟು 24. ಬೀಜ ಮಾಡಲು ಹೊರಟ ಜೀವಕೋಶ ಮೂರು ಕಂತೆಯನ್ನು ಎರಡು ಸಮಪಾಲು ಮಾಡಲಾಗದೆ ಕೈಚೆಲ್ಲುತ್ತದೆ. ಹಾಗಾಗಿ ಕಾಡಿನಲ್ಲಿ ತಾನಾಗಿ ಬೆಳೆದ ಕೇಸರಿ ಎಂಬುದೇ ಇಲ್ಲ. ಗ್ರೀಸಿನ ಕಾಡು ಕ್ರೋಕಸ್ಸೊಂದರಿಂದ ಯಾವಾಗಲೋ ಹುಟ್ಟಿದ ಇದನ್ನು ಅಂದಿನಿಂದ ಇಂದಿನವರೆಗೆ ರೈತರೇ ಗಡ್ಡೆ ಕಿತ್ತು, ಗಡ್ಡೆ ನೆಟ್ಟು ಸಾಕಿಕೊಂಡು ಬಂದಿದ್ದಾರೆ. ತಾಯಿಗಡ್ಡೆ ಪ್ರತಿವರ್ಷ ಸಾಯುತ್ತದೆ. ಸಾಯುವಷ್ಟರಲ್ಲಿ ಮರಿಗಡ್ಡೆಗಳನ್ನು ಬಿಟ್ಟು ಹೋಗುತ್ತದೆ.

ಕಾಶ್ಮೀರದ ಪಾಂಪೋರಿನಲ್ಲಿ ಹೂ ಅರಳುವುದು ಅಕ್ಟೋಬರ್ ನಡುವಿನಿಂದ ನವೆಂಬರ್ ಮೊದಲ ವಾರಗಳವರೆಗೆ. ಬಿಸಿಲೇರಿದರೆ ಹೂ ಬಾಡುತ್ತದೆ, ಅದಕ್ಕೇ ಬೆಳಿಗ್ಗೆಯೇ ಕೊಯ್ಲು. ಕೆಂಪು ತುದಿ ಮಾತ್ರ ಕತ್ತರಿಸಿ ಇಟ್ಟದ್ದು ಮೊಂಗ್ರಾ, ಬುಡದ ಹಳದಿ ತೊಟ್ಟೂ ಸೇರಿದ್ದು ಲಛ್ಛಾ. ಕಾಶ್ಮೀರಿ ಕೇಸರಿಗೆ 2020ರಲ್ಲಿ ಭೌಗೋಳಿಕ ಸೂಚಕ ಸಿಕ್ಕಿತು. ಆದರೂ ಜಗತ್ತಿನ ಕೇಸರಿಯಲ್ಲಿ ಸಿಂಹಪಾಲು ಇರಾನಿನದು.

ಒಳಗಿನ ಬಿಡಿಭಾಗಗಳು. ಮೂರು. ಬಣ್ಣಕ್ಕೆ ಕ್ರೋಸಿನ್, ಕಹಿಗೆ ಪಿಕ್ರೋಕ್ರೋಸಿನ್, ಪರಿಮಳಕ್ಕೆ ಸಾಫ್ರನಾಲ್. ಈ ಮೂರನೆಯದು ಹಸಿ ಹೂವಿನಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಒಣಗಿಸುವಾಗ ಪಿಕ್ರೋಕ್ರೋಸಿನ್‌ಗೆ ಅಂಟಿಕೊಂಡ ಸಕ್ಕರೆ ಕಳಚಿ, ಆಮೇಲೆ ನೀರಿನ ಅಣುವೂ ಕಳಚಿದಾಗ ಹುಟ್ಟುವುದು ಸಾಫ್ರನಾಲ್. ಅಂದರೆ ನಿಮ್ಮ ಮೂಗಿಗೆ ಬಡಿಯುವ ಘಮದ ಅರ್ಧ ಶ್ರೇಯಸ್ಸು ಒಣಗಿಸಿದವರಿಗೆ ಸಲ್ಲಬೇಕು.

ಚಾಲನೆ. ಕ್ರೋಸಿನ್ ಕ್ಯಾರೆಟ್ಟಿನ ಬಣ್ಣದ ಬಳಗದ್ದೇ, ಆದರೆ ಸಕ್ಕರೆಯನ್ನು ಬೆನ್ನಿಗೆ ಕಟ್ಟಿಕೊಂಡಿರುವುದರಿಂದ ನೀರಿನಲ್ಲಿ ಕರಗುತ್ತದೆ, ತುಪ್ಪದಲ್ಲಿ ಕರಗುವುದಿಲ್ಲ. ಕಾದ ತುಪ್ಪಕ್ಕೆ ಎಳೆ ಉದುರಿಸಿ ಬಣ್ಣಕ್ಕಾಗಿ ಕಾಯುವವರು ಕಾಯುತ್ತಲೇ ಇರಬೇಕಾಗುತ್ತದೆ. ಎಳೆಗಳನ್ನು ಉಗುರುಬೆಚ್ಚನೆ ಹಾಲಿನಲ್ಲಿ ಅರ್ಧ ಗಂಟೆ ನೆನೆಸಿ, ಅಡುಗೆ ಇಳಿಸುವ ಹೊತ್ತಿಗೆ ಸುರಿಯಿರಿ. ಕುದಿಸಿದರೆ ಸಾಫ್ರನಾಲ್ ಆವಿಯ ಜೊತೆ ಪಕ್ಕದ ಮನೆ ಸೇರುತ್ತದೆ. ಡಬ್ಬಿಯನ್ನು ಬೆಳಕಿಗೆ ಇಡಬೇಡಿ. ಷೋಕೇಸು ಅದರ ಜಾಗವಲ್ಲ.

ಅಸಲಿ ಪರೀಕ್ಷೆ. ಒಂದು ಎಳೆಯನ್ನು ಬಿಳಿ ಕಾಗದದ ಮೇಲಿಟ್ಟು ನೋಡಿ. ಒಂದು ತುದಿ ಸಣ್ಣ ಕಹಳೆಯಂತೆ ಬಿಚ್ಚಿಕೊಂಡಿರುತ್ತದೆ, ಅಂಚು ಕಚ್ಚುಕಚ್ಚಾಗಿರುತ್ತದೆ. ಕುಸುಬೆಯ ಎಸಳಿಗೂ ಮೆಕ್ಕೆಜೋಳದ ತೆನೆಯ ಕೂದಲಿಗೂ ಈ ಕಹಳೆ ಇಲ್ಲ. (ಕುಸುಬೆಯ ತಪ್ಪೇನೂ ಇಲ್ಲ. ಉತ್ತರ ಕರ್ನಾಟಕದ ಹೊಲಗಳಲ್ಲಿ ಒಳ್ಳೆಯ ಎಣ್ಣೆ ಕೊಡುತ್ತ ಮರ್ಯಾದೆಯಿಂದ ಬದುಕಿದೆ. ವೇಷ ಹಾಕಿಸಿದವರು ಬೇರೆ.) ಆಮೇಲೆ ಎಳೆಯನ್ನು ನೀರಿಗೆ ಬಿಡಿ. ಅಸಲಿಯಾದರೆ ನಿಧಾನವಾಗಿ ಹೊಂಬಣ್ಣ ಬಿಡುತ್ತದೆ, ಎಳೆ ಕೆಂಪಾಗಿಯೇ ಉಳಿದಿರುತ್ತದೆ. ಹಾಕಿದ ಕೂಡಲೇ ನೀರು ಕೆಂಪಾಗಿ ಎಳೆ ಬಿಳಿಚಿಕೊಂಡರೆ, ನೀವು ಕೊಂಡದ್ದು ಬಣ್ಣದ ಅಂಗಡಿಯ ಮಾಲು.

ಔಷಧಿಯಾಗಿ. ಆಯುರ್ವೇದಕ್ಕೆ ಇದು ಹಳೆಯ ಪರಿಚಯ. ಕುಂಕುಮಾದಿ ತೈಲದ ಕುಂಕುಮ ಇದೇ. ಹೊಸ ಕಾಲದ ಸುದ್ದಿ ಬಂದದ್ದು ಟೆಹ್ರಾನಿನಿಂದ. ಸೌಮ್ಯ ಹಾಗೂ ಮಧ್ಯಮ ಖಿನ್ನತೆಯವರಿಗೆ ದಿನಕ್ಕೆ 30 ಮಿಲಿಗ್ರಾಂ ಕೇಸರಿ ಸಾರ ಕೊಟ್ಟು ಆರು ವಾರ ನೋಡಿದಾಗ, ಫ್ಲೂಯೊಕ್ಸೆಟಿನ್ ಎಂಬ ಖಿನ್ನತೆಯ ಮಾತ್ರೆಯಷ್ಟೇ ಗುಣ ಕಂಡಿತು. ಆದರೆ ಅದು ಹತ್ತಾರು ರೋಗಿಗಳ ಸಣ್ಣ ಪರೀಕ್ಷೆ. ನುಂಗುತ್ತಿರುವ ಮಾತ್ರೆಯನ್ನು ಬಿಟ್ಟು ಕೇಸರಿ ಹಾಲು ಹಿಡಿಯಲು ಅಷ್ಟು ಸಾಲದು.

ಜಾಸ್ತಿ ಹಾಕಿದರೆ ಜಾಸ್ತಿ ಗುಣ ಎಂಬ ನಿಯಮ ಈ ಸಾಧನಕ್ಕಿಲ್ಲ. ಐದು ಗ್ರಾಂ ದಾಟಿದರೆ ಅದು ವಿಷ. ಹೆಚ್ಚಿನ ಪ್ರಮಾಣ ಗರ್ಭಕೋಶವನ್ನು ಕೆರಳಿಸಬಲ್ಲದು. ಸೀಮಂತದ ಮನೆಯಲ್ಲಿ ಲೋಟ ಹಿಡಿದು ನಿಂತ ಅತ್ತೆಯಂದಿರ ಗಮನಕ್ಕೆ: ಮಗುವಿನ ಮೈಬಣ್ಣ ತಂದೆತಾಯಿಯ ವಂಶವಾಹಿಗಳಿಂದ ಬರುತ್ತದೆ. ಸೊಸೆ ಕುಡಿದ ಕೇಸರಿ ಹಾಲಿಗೂ ಅದಕ್ಕೂ ಏನೇನೂ ಸಂಬಂಧವಿಲ್ಲ. ರುಚಿಗೆಂದು ಎರಡೆಳೆ ಹಾಕಿ, ಸಾಕು.

ವಿ.ಸೂ. ಹೋಟೆಲಿನ ಕೇಸರಿಬಾತಿನ ಬಣ್ಣ ಸಾಮಾನ್ಯವಾಗಿ ಪೊಟ್ಟಣದ ಪುಡಿಯದು. ಆ ಬಗ್ಗೆ ದೂರುಗಳನ್ನು ಇಲ್ಲಿ ಸ್ವೀಕರಿಸಲಾಗುವುದಿಲ್ಲ.